ಲಂಡನ್ನಿನ ಬೂಷ್ಟು, ಪಿಯೋರಿಯಾದ ಬೂಷ್ಟು

ಪೆನಿಸಿಲಿನ್ನಿನ ಕಥೆಯನ್ನು ಶಾಲೆಯಲ್ಲಿ ಓದದವರು ವಿರಳ. ಲಂಡನ್ನಿನ ವಿಜ್ಞಾನಿಯೊಬ್ಬರು ರಜೆ ಮುಗಿಸಿ ಪ್ರಯೋಗಾಲಯಕ್ಕೆ ಮರಳುತ್ತಾರೆ. ತೊಳೆಯದೆ ಬಿಟ್ಟಿದ್ದ ಗಾಜಿನ ತಟ್ಟೆಯೊಂದರಲ್ಲಿ ಬೂಷ್ಟು ಬೆಳೆದಿರುತ್ತದೆ. ಅದರ ಸುತ್ತಲಿನ ರೋಗಾಣುಗಳು ಕರಗಿಹೋಗಿರುತ್ತವೆ. ಲೋಕಕ್ಕೆ ಸಂಜೀವಿನಿ ದೊರೆಯುತ್ತದೆ. ಪಾಠ ಅಲ್ಲಿಗೆ ಮುಗಿಯುತ್ತದೆ. ಆದರೆ ಇಂದು ಕಾರ್ಖಾನೆಗಳಲ್ಲಿ ಪೆನಿಸಿಲಿನ್ ತಯಾರಿಸುತ್ತಿರುವುದು ಆ ತಟ್ಟೆಯ ಬೂಷ್ಟಿನ ಸಂತತಿಯಲ್ಲ. ಅದರ ಮೂಲ ಬೇರೊಂದು ಬೂಷ್ಟು. ಅದು 1943ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಪಿಯೋರಿಯಾ ಎಂಬ ಊರಿನಲ್ಲಿ, ಕೊಳೆತ ಕರಬೂಜದ ಹಣ್ಣೊಂದರ ಮೇಲೆ ಸಿಕ್ಕಿತು.

ಲಂಡನ್ನಿನ ಬೂಷ್ಟನ್ನು ವಿಜ್ಞಾನಿಗಳು ಪೆನಿಸಿಲಿಯಂ ನೊಟೇಟಮ್ ಎಂದು ಕರೆದರು. ಪಿಯೋರಿಯಾದ್ದನ್ನು ಪೆನಿಸಿಲಿಯಂ ಕ್ರೈಸೋಜೀನಮ್ ಎಂದರು. ಬಹುಕಾಲ ಇವೆರಡೂ ಬೇರೆ ಬೇರೆ ಪ್ರಭೇದಗಳೆಂದೇ ಪುಸ್ತಕಗಳಲ್ಲಿ ನೆಲೆಸಿದ್ದವು. ಒಂದಕ್ಕೆ ಕೀರ್ತಿ ದಕ್ಕಿತು, ಇನ್ನೊಂದಕ್ಕೆ ದುಡಿಮೆ ದಕ್ಕಿತು. ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಔಷಧವೊಂದರ ಚರಿತ್ರೆ ಕಾಣುತ್ತದೆ. ಚರಿತ್ರೆಯನ್ನು ನಾವು ಯಾವ ಹೆಸರುಗಳಲ್ಲಿ ಕಟ್ಟಿಡುತ್ತೇವೆ, ಏನನ್ನು ಹೊರಗೆ ಬಿಡುತ್ತೇವೆ ಎಂಬುದೂ ಕಾಣುತ್ತದೆ.

ಮೊದಲು ಲಂಡನ್ನಿನ ಬೂಷ್ಟು. 1928ರ ಸೆಪ್ಟೆಂಬರಿನಲ್ಲಿ ಸೇಂಟ್ ಮೇರಿ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಅದನ್ನು ಗಮನಿಸಿದರು. ಆ ಆಸ್ಪತ್ರೆಯಲ್ಲಿಯೇ ಕೆಲಸ ಮಾಡುತ್ತಿದ್ದ ಶಿಲೀಂಧ್ರತಜ್ಞ ಲಾ ತೂಷ್ ಅದನ್ನು ಪೆನಿಸಿಲಿಯಂ ರೂಬ್ರಮ್ ಎಂದು ಗುರುತಿಸಿದರು. 1929ರಲ್ಲಿ ಫ್ಲೆಮಿಂಗ್ ತಮ್ಮ ಪ್ರಬಂಧವನ್ನು ಪ್ರಕಟಿಸಿದಾಗ ಅದೇ ಹೆಸರನ್ನು ಬಳಸಿದರು. ಆ ಗುರುತು ತಪ್ಪಾಗಿತ್ತು. ಹೆರಾಲ್ಡ್ ರೈಸ್ಟ್ರಿಕ್ ಎಂಬ ರಸಾಯನಶಾಸ್ತ್ರಜ್ಞರು ಈ ಬೂಷ್ಟಿನ ಮೇಲೆ ಕೆಲಸ ಮಾಡಲು ತೊಡಗಿದಾಗ ಅದರ ಮಾದರಿಯನ್ನು ಅಮೆರಿಕದ ಚಾರ್ಲ್ಸ್ ಥಾಮ್ ಅವರಿಗೆ ತೋರಿಸಿದರು. ಪೆನಿಸಿಲಿಯಂ ಕುಲದ ಬಗ್ಗೆ ಅಂದು ಥಾಮ್ ಅವರ ಮಾತೇ ಕೊನೆಯ ಮಾತು. ಅವರು ಅದನ್ನು ಪೆನಿಸಿಲಿಯಂ ನೊಟೇಟಮ್ ಎಂದು ತೀರ್ಮಾನಿಸಿದರು. ಆ ಹೆಸರಿನ ಪ್ರಭೇದವನ್ನು 1911ರಲ್ಲಿ ಸ್ವೀಡನ್ನಿನ ವೆಸ್ಟ್‌ಲಿಂಗ್ ಎಂಬುವವರು ಕೊಳೆಯುತ್ತಿದ್ದ ಹಿಸ್ಸೋಪ್ ಗಿಡದ ಮೇಲಿಂದ ವರ್ಣಿಸಿದ್ದರು. ಹಿಸ್ಸೋಪ್ ಎಂದರೆ ಬೈಬಲ್ಲಿನಲ್ಲಿ ಶುದ್ಧೀಕರಣಕ್ಕೆ ಬಳಕೆಯಾಗುವ ಗಿಡದ ಹೆಸರು ಎಂಬುದನ್ನು ಇಂಗ್ಲಿಷ್ ಸಾಹಿತ್ಯ ಓದಿದವರು ಬಲ್ಲರು.

ಪೆನಿಸಿಲಿಯಂ ಎಂಬ ಕುಲನಾಮ ಲ್ಯಾಟಿನ್ನಿನ ಕುಂಚ ಎಂಬರ್ಥದ ಪದದಿಂದ ಬಂದದ್ದು. ಸೂಕ್ಷ್ಮದರ್ಶಕದಲ್ಲಿ ಕಂಡರೆ ಸಣ್ಣದೊಂದು ಕಾಂಡ, ಅದರ ತುದಿಯಲ್ಲಿ ಕವಲುಗಳು, ಕವಲುಗಳ ತುದಿಯಲ್ಲಿ ಮಣಿಸರದಂತೆ ಪೋಣಿಸಿದ ಬೀಜಾಣುಗಳು. ಈ ಕುಂಚದ ಕವಲು ಎಷ್ಟು, ಬೀಜಾಣುವಿನ ಬಣ್ಣ ಯಾವುದು, ತಟ್ಟೆಯ ಮೇಲಿನ ಹಾಸು ಮಖಮಲ್ಲಿನಂತಿದೆಯೋ ಹಿಂಜಿದ ಅರಳೆಯಂತಿದೆಯೋ, ಅದರ ಅಡಿಯಲ್ಲಿ ಹಳದಿ ಬಣ್ಣ ಒಸರುತ್ತದೆಯೋ ಇಲ್ಲವೋ: ಇಂಥ ಲಕ್ಷಣಗಳಿಂದ ಅಂದಿನ ತಜ್ಞರು ಒಂದು ಪ್ರಭೇದವನ್ನು ಇನ್ನೊಂದರಿಂದ ಬೇರ್ಪಡಿಸುತ್ತಿದ್ದರು. ಕ್ರೈಸೋಜೀನಮ್ ಪ್ರಭೇದವನ್ನು 1910ರಲ್ಲಿ ವರ್ಣಿಸಿದವರು ಸ್ವತಃ ಥಾಮ್. ಹೊನ್ನಿನ ಬಣ್ಣವನ್ನು ಹುಟ್ಟಿಸುವಂಥದ್ದು ಎಂದು ಆ ಹೆಸರಿನ ಅರ್ಥ.

ಫ್ಲೆಮಿಂಗರ ಬೂಷ್ಟು ಸ್ವಭಾವದಲ್ಲಿ ಸುಕುಮಾರಿ. ಅದು ದ್ರವದ ಮೇಲ್ಮೈಯಲ್ಲಿ ಚಾಪೆಯಂತೆ ಹರಡಿಕೊಂಡು, ಗಾಳಿಗೆ ಮೈಯೊಡ್ಡಿ ಬೆಳೆಯಬೇಕು. ಆಳದ ತೊಟ್ಟಿಯೊಳಗೆ ಮುಳುಗಿಸಿದರೆ ಅದರ ಇಳುವರಿ ತೀರ ಕಡಿಮೆ. ಮೇಲ್ಮೈಯಲ್ಲಿ ಬೆಳೆದಾಗಲೂ ಅದು ಕೊಡುತ್ತಿದ್ದದ್ದು ಮಿಲಿಲೀಟರಿಗೆ ಎರಡು ಯೂನಿಟ್ಟುಗಳ ಆಸುಪಾಸು. ಅಷ್ಟನ್ನೂ ಕೆಡದಂತೆ ಬೇರ್ಪಡಿಸುವ ವಿಧಾನ ಫ್ಲೆಮಿಂಗರಿಗಾಗಲಿ ಅವರ ಸಹಾಯಕರಿಗಾಗಲಿ ಸಿದ್ಧಿಸಲಿಲ್ಲ. ಅವರು ಬೂಷ್ಟನ್ನು ಜೋಪಾನವಾಗಿ ಉಳಿಸಿಕೊಂಡರು, ಕೇಳಿದವರಿಗೆ ಕೊಟ್ಟರು. ಹತ್ತು ವರ್ಷಗಳ ಬಳಿಕ ಅದರ ಫಲ ಕಂಡಿತು. ಆಕ್ಸ್‌ಫರ್ಡಿನಲ್ಲಿ ಎರ್ನ್ಸ್ಟ್ ಚೈನ್ ಹಳೆಯ ಪ್ರಬಂಧವನ್ನು ಓದಿ ಆ ಬೂಷ್ಟಿಗಾಗಿ ಹುಡುಕಿದಾಗ ಅದು ಅವರದೇ ಕಟ್ಟಡದಲ್ಲಿ ಇತ್ತು. ಬೇರಾವುದೋ ಕೆಲಸಕ್ಕಾಗಿ ಅದನ್ನು ಎಂದೋ ತರಿಸಿ ಬೆಳೆಸಿಟ್ಟಿದ್ದರು.

ಆಕ್ಸ್‌ಫರ್ಡಿನಲ್ಲಿ ಹೋವರ್ಡ್ ಫ್ಲೋರಿ ಅವರ ತಂಡ ಮಾಡಿದ್ದು ಸಾಧಾರಣ ಕೆಲಸವಲ್ಲ. 1940ರ ಮೇ 25ರಂದು ಎಂಟು ಇಲಿಗಳಿಗೆ ಮಾರಕ ರೋಗಾಣುಗಳನ್ನು ಚುಚ್ಚಿ, ನಾಲ್ಕಕ್ಕೆ ಮಾತ್ರ ಪೆನಿಸಿಲಿನ್ ಕೊಟ್ಟರು. ಆ ನಾಲ್ಕು ಬದುಕಿದವು. ಉಳಿದ ನಾಲ್ಕು ಬೆಳಗಾಗುವುದರೊಳಗೆ ಸತ್ತವು. ಆದರೆ ಇಲಿಗೂ ಮನುಷ್ಯನಿಗೂ ತೂಕದಲ್ಲಿ ಬಹಳ ಅಂತರ. ಒಬ್ಬ ರೋಗಿಗೆ ಬೇಕಾದ ಔಷಧಕ್ಕೆ ಸುಮಾರು 2,000 ಲೀಟರ್ ಬೂಷ್ಟಿನ ದ್ರವ ಬೇಕಾಗಿತ್ತು. ಮೇಲ್ಮೈಯಲ್ಲಿ ಬೆಳೆಯುವ ಬೂಷ್ಟಿಗೆ ವಿಸ್ತಾರವಾದ ಮೇಲ್ಮೈಯನ್ನು ಒದಗಿಸಲು ಪ್ರಯೋಗಾಲಯದವರು ಆಸ್ಪತ್ರೆಯ ಮಲಪಾತ್ರೆಗಳನ್ನು ಬಳಸಿದರು. ಅನಂತರ ನಾರ್ಮನ್ ಹೀಟ್ಲಿ ಅದೇ ಮಾದರಿಯ ಚಪ್ಪಟೆ ಪಿಂಗಾಣಿ ಪಾತ್ರೆಗಳನ್ನು ವಿನ್ಯಾಸ ಮಾಡಿ ನೂರಾರು ಸಂಖ್ಯೆಯಲ್ಲಿ ಮಾಡಿಸಿದರು. ಅವುಗಳಿಗೆ ಬೂಷ್ಟನ್ನು ಬಿತ್ತಿ, ದ್ರವವನ್ನು ತೆಗೆದು, ಮತ್ತೆ ತುಂಬುವ ಕೆಲಸಕ್ಕೆ ಯುವತಿಯರನ್ನು ನೇಮಿಸಿಕೊಂಡರು. ಜರ್ಮನಿ ದಂಡೆತ್ತಿ ಬರಬಹುದೆಂಬ ಭಯದಲ್ಲಿ ತಂಡದ ಕೆಲವರು ಬೀಜಾಣುಗಳನ್ನು ತಮ್ಮ ಕೋಟಿನ ಒಳಪದರಕ್ಕೆ ಉಜ್ಜಿಕೊಂಡದ್ದೂ ಆಗಲೇ.

1941ರ ಫೆಬ್ರವರಿ 12ರಂದು ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸ್ ಪೇದೆಗೆ ಔಷಧ ಕೊಡಲಾರಂಭಿಸಿದರು. ಸೋಂಕು ಅವರ ಮುಖ, ಕಣ್ಣು, ಶ್ವಾಸಕೋಶಗಳನ್ನು ವ್ಯಾಪಿಸಿತ್ತು. ಒಂದೇ ದಿನದಲ್ಲಿ ಜ್ವರ ಇಳಿಯತೊಡಗಿತು, ಹಸಿವು ಮರಳಿತು. ಔಷಧ ಸಾಲದೆ ಹೋದಾಗ ಅವರ ಮೂತ್ರದಿಂದಲೇ ಪೆನಿಸಿಲಿನ್ನನ್ನು ಸೋಸಿ ತೆಗೆದು ಮತ್ತೆ ಕೊಟ್ಟರು. ಐದು ದಿನಗಳಲ್ಲಿ ಎಲ್ಲವೂ ಬರಿದಾಯಿತು. ಮಾರ್ಚ್ 15ರಂದು ಅವರು ತೀರಿಕೊಂಡರು. ಔಷಧ ಸೋತಿರಲಿಲ್ಲ, ಅದು ಮುಗಿದುಹೋಗಿತ್ತು. ಫ್ಲೆಮಿಂಗರ ಬೂಷ್ಟಿನ ಮಿತಿ ಇಷ್ಟು ನಿಷ್ಠುರವಾಗಿ ಬೇರೆಲ್ಲೂ ದಾಖಲಾಗಿಲ್ಲ.

ಯುದ್ಧದಲ್ಲಿ ಮುಳುಗಿದ್ದ ಇಂಗ್ಲೆಂಡಿನಲ್ಲಿ ದೊಡ್ಡ ಉತ್ಪಾದನೆ ಸಾಧ್ಯವಿರಲಿಲ್ಲ. 1941ರ ಜುಲೈಯಲ್ಲಿ ಫ್ಲೋರಿ ಮತ್ತು ಹೀಟ್ಲಿ ಬೂಷ್ಟನ್ನು ಹೊತ್ತು ಅಮೆರಿಕಕ್ಕೆ ಹೋದರು. ಅಲ್ಲಿ ಅವರಿಗೆ ನೆರವಾದದ್ದು ಪಿಯೋರಿಯಾದಲ್ಲಿದ್ದ ಕೃಷಿ ಇಲಾಖೆಯ ಪ್ರಯೋಗಾಲಯ. ಹೊಲದ ಹೆಚ್ಚುವರಿ ಫಸಲಿಗೆ, ಗಿರಣಿಯ ತ್ಯಾಜ್ಯಕ್ಕೆ ಹೊಸ ಉಪಯೋಗ ಹುಡುಕುವುದು ಆ ಸರ್ಕಾರಿ ಸಂಸ್ಥೆಯ ಕೆಲಸ. ಮೆಕ್ಕೆಜೋಳದಿಂದ ಪಿಷ್ಟ ತೆಗೆಯುವಾಗ ಕಾಳನ್ನು ನೆನೆಸಿದ ನೀರು ಅಲ್ಲಿ ಧಾರಾಳವಾಗಿತ್ತು. ಆಂಡ್ರ್ಯೂ ಮೋಯರ್ ಎಂಬ ವಿಜ್ಞಾನಿ ಆ ನೆನೆನೀರನ್ನು ಬೂಷ್ಟಿಗೆ ಆಹಾರವಾಗಿ ಕೊಟ್ಟಾಗ ಇಳುವರಿ ಹತ್ತು ಪಟ್ಟು ಏರಿತು.

ಆಹಾರದ ಈ ಬದಲಾವಣೆಯಿಂದ ಇನ್ನೊಂದು ಸಂಗತಿಯೂ ನಡೆಯಿತು. ಇಂಗ್ಲೆಂಡಿನಲ್ಲಿ ತಯಾರಾದ ಪೆನಿಸಿಲಿನ್ನಿಗೂ ಅಮೆರಿಕದ್ದಕ್ಕೂ ರಾಸಾಯನಿಕ ರಚನೆ ತಾಳೆಯಾಗಲಿಲ್ಲ. ಇಂಗ್ಲೆಂಡಿನದು ಪೆನಿಸಿಲಿನ್-ಎಫ್ ಎನಿಸಿತು, ಅಮೆರಿಕದ್ದು ಪೆನಿಸಿಲಿನ್-ಜಿ. ಅಣುವಿನ ನಡುಭಾಗ ಒಂದೇ. ಪಕ್ಕದ ಸರಪಣಿ ಬೇರೆ. ಆ ಸರಪಣಿಗೆ ಬೇಕಾದ ಸಾಮಗ್ರಿ ಮೆಕ್ಕೆಜೋಳದ ನೆನೆನೀರಿನಲ್ಲಿ ಇತ್ತು. ಭೇದ ಬೂಷ್ಟಿನ ಜಾತಿಯಲ್ಲಿರಲಿಲ್ಲ, ಅದು ಉಂಡ ಅನ್ನದಲ್ಲಿತ್ತು. ಇಂದು ನಾವು ಬಳಸುವ ಮೂಲ ಪೆನಿಸಿಲಿನ್ ಈ ಜಿ ಬಗೆಯದೇ.

ಆದರೂ ಫ್ಲೆಮಿಂಗರ ತಳಿಗೆ ಆಳದ ತೊಟ್ಟಿ ಒಗ್ಗಲಿಲ್ಲ. ಮುಳುಗಿ ಬೆಳೆಯಬಲ್ಲ ತಳಿ ಬೇಕಾಗಿತ್ತು. ಕೆನೆತ್ ರೇಪರ್ ಅವರ ಮೇಲ್ವಿಚಾರಣೆಯಲ್ಲಿ ಹುಡುಕಾಟ ಆರಂಭವಾಯಿತು. ಸೇನೆಯ ವಿಮಾನಗಳು ಲೋಕದ ನಾನಾ ಮೂಲೆಗಳಿಂದ ಮಣ್ಣಿನ ಮಾದರಿಗಳನ್ನು ಹೊತ್ತು ತಂದವು. ಕೊನೆಗೆ ಅತ್ಯುತ್ತಮ ತಳಿ ದೊರೆತದ್ದು ಪಿಯೋರಿಯಾದ ಹಣ್ಣಿನ ಮಾರುಕಟ್ಟೆಯ ಕರಬೂಜದಲ್ಲಿ. ಪ್ರಯೋಗಾಲಯದ ಸಹಾಯಕಿ ಮೇರಿ ಹಂಟ್ ಅದನ್ನು ತಂದರೆಂಬುದು ಪತ್ರಿಕೆಗಳು ಹರಡಿದ ಕಥೆ. ಊರಿನ ಗೃಹಿಣಿಯೊಬ್ಬರು ತಂದುಕೊಟ್ಟರೆಂಬ ಹೇಳಿಕೆಯೂ ಇದೆ. ಲಂಡನ್ನಿನ ತಟ್ಟೆಯನ್ನು ಯಾರು ಕಂಡರೆಂದು ಶಾಲೆಯ ಮಕ್ಕಳೂ ಹೇಳಬಲ್ಲರು. ಹೆಚ್ಚು ಜೀವ ಉಳಿಸಿದ ಕರಬೂಜವನ್ನು ಯಾರು ತಂದರೆಂಬ ಬಗ್ಗೆ ಚರಿತ್ರೆಗೆ ಒಮ್ಮತವಿಲ್ಲ.

ಆ ತಳಿಯ ದಾಖಲೆಯ ಗುರುತು ಎನ್‌ಆರ್‌ಆರ್‌ಎಲ್ 1951. ಕೊನೆಯ ಅಂಕಿಯನ್ನು ಇಸವಿಯೆಂದು ತಿಳಿಯಬಾರದು; ಅದು ಸಂಗ್ರಹದ ಕ್ರಮಸಂಖ್ಯೆ. ಥಾಮ್ ಮತ್ತು ರೇಪರ್ ಅವರ ಲೆಕ್ಕದಲ್ಲಿ ಅದು ಕ್ರೈಸೋಜೀನಮ್. ಅದು ತೊಟ್ಟಿಯೊಳಗೆ ಮುಳುಗಿಯೂ ಚೆನ್ನಾಗಿ ಬೆಳೆಯಿತು. ಮುಂದೆ ಕೋಲ್ಡ್ ಸ್ಪ್ರಿಂಗ್ ಹಾರ್ಬರಿನಲ್ಲಿ ಅದರ ಸಂತತಿಗೆ ಕ್ಷಕಿರಣ ಹಾಯಿಸಿ ಎಕ್ಸ್-1612 ಎಂಬ ತಳಿಯನ್ನು ಪಡೆದರು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಅದಕ್ಕೆ ಅತಿನೇರಳೆ ಕಿರಣ ತಗುಲಿಸಿ ಕ್ಯೂ-176 ಎಂಬುದನ್ನು ಆರಿಸಿದರು. ಅಷ್ಟು ಹೊತ್ತಿಗೆ ಇಳುವರಿ ಮಿಲಿಲೀಟರಿಗೆ ಸಾವಿರ ಯೂನಿಟ್ಟಿನ ಸಮೀಪಕ್ಕೆ ಬಂದಿತ್ತು. ಪ್ರತಿ ಹಂತದಲ್ಲಿಯೂ ಸಾವಿರಾರು ಸಂತತಿಗಳನ್ನು ಬೆಳೆಸಿ, ಅಳೆದು, ಒಂದನ್ನು ಇಟ್ಟುಕೊಂಡು ಉಳಿದವನ್ನು ಎಸೆಯುವುದು ಈ ಕೆಲಸದ ಬಗೆ. ಬಿತ್ತನೆಗೆ ತೆನೆ ಆರಿಸುವ ರೈತನ ಕೆಲಸಕ್ಕೂ ಇದಕ್ಕೂ ತತ್ತ್ವದಲ್ಲಿ ವ್ಯತ್ಯಾಸವಿಲ್ಲ. ಔಷಧಕ್ಕೆ ಹಳದಿ ಬಣ್ಣ ಸೇರುತ್ತಿದ್ದದ್ದು ತೊಡಕಾಗಿತ್ತು. ಆದ್ದರಿಂದ ಮುಂದಿನ ವರ್ಷಗಳಲ್ಲಿ ಬಣ್ಣವಿಲ್ಲದ ತಳಿಯನ್ನು ಆರಿಸಿದರು. ಹೊನ್ನ ಬಣ್ಣದಿಂದ ಹೆಸರು ಪಡೆದ ಬೂಷ್ಟು ಹೊನ್ನ ಬಣ್ಣವನ್ನೇ ಕಳೆದುಕೊಂಡಿತು.

ಪರಿಣಾಮ ಅಂಕಿಗಳಲ್ಲಿ ಸ್ಪಷ್ಟವಾಗಿದೆ. 1942ರ ಮಾರ್ಚಿನಲ್ಲಿ ನ್ಯೂ ಹೇವನ್ನಿನ ಆನ್ ಮಿಲ್ಲರ್ ಎಂಬ ರೋಗಿಯೊಬ್ಬರನ್ನು ಉಳಿಸಲು ಅಮೆರಿಕದಲ್ಲಿದ್ದ ಔಷಧದ ಅರ್ಧದಷ್ಟು ವ್ಯಯವಾಗಿತ್ತು. 1943ರಲ್ಲಿ ಅಮೆರಿಕದ ಉತ್ಪಾದನೆ 21 ಶತಕೋಟಿ ಯೂನಿಟ್. 1944ರಲ್ಲಿ 1,663 ಶತಕೋಟಿ. 1945ರಲ್ಲಿ 6,800 ಶತಕೋಟಿಗೂ ಮಿಕ್ಕು. 1944ರ ಮಾರ್ಚಿನಲ್ಲಿ ಬ್ರೂಕ್ಲಿನ್ನಿನ ಹಳೆಯ ಮಂಜುಗಡ್ಡೆ ಕಾರ್ಖಾನೆಯೊಂದರಲ್ಲಿ ಫೈಜರ್ ಕಂಪನಿ ತಲಾ 7,500 ಗ್ಯಾಲನ್ನಿನ 14 ತೊಟ್ಟಿಗಳನ್ನು ಹೂಡಿತು. ಅದೇ ಜೂನ್ 6ರಂದು ಸೈನ್ಯಗಳು ನಾರ್ಮಂಡಿಯ ತೀರದಲ್ಲಿ ಇಳಿದಾಗ ಗಾಯಾಳುಗಳಿಗೆ ಪೆನಿಸಿಲಿನ್ ಸಿದ್ಧವಿತ್ತು.

ಯುದ್ಧ ಮುಗಿದರೂ ನಾಗರಿಕರಿಗೆ ಅದು ಎಲ್ಲೆಡೆ ಸುಲಭವಾಗಿ ದೊರೆಯಲಿಲ್ಲ. ಗ್ರಹಾಂ ಗ್ರೀನ್ ಕಥೆ ಬರೆದ, 1949ರ ‘ದಿ ಥರ್ಡ್ ಮ್ಯಾನ್’ ಚಲನಚಿತ್ರವನ್ನು ನೋಡಿದವರಿಗೆ ಇದು ನೆನಪಿರಬಹುದು. ವಿಯೆನ್ನಾದ ಕಾಳಸಂತೆಯಲ್ಲಿ ನೀರು ಬೆರೆಸಿದ ಪೆನಿಸಿಲಿನ್ನನ್ನು ಮಾರಿ ಮಕ್ಕಳ ಸಾವಿಗೆ ಕಾರಣನಾದವನ ಕಥೆ ಅದು. ಆ ಕಥೆ ಹುಟ್ಟಲು ಕೊರತೆಯೇ ಕಾರಣ. ಔಷಧ ಇದೆ, ಆದರೆ ಎಲ್ಲರಿಗೂ ಸಾಲದು ಎಂಬ ಸ್ಥಿತಿಯಲ್ಲಿ ಅದು ಯಾರ ಸ್ವತ್ತು ಎಂಬ ಪ್ರಶ್ನೆ ಮೊದಲು ಏಳುತ್ತದೆ.

ಈ ಪ್ರಶ್ನೆಗೆ ಎರಡು ಬೂಷ್ಟುಗಳ ಸುತ್ತ ಎರಡು ಉತ್ತರಗಳು ಬೆಳೆದವು. ಆಕ್ಸ್‌ಫರ್ಡಿನಲ್ಲಿ ಚೈನ್ ಹಕ್ಕುಸ್ವಾಮ್ಯ ಪಡೆಯೋಣವೆಂದಾಗ ಬ್ರಿಟನ್ನಿನ ಹಿರಿಯ ವಿಜ್ಞಾನಿಗಳು ಅದು ವೈದ್ಯಧರ್ಮಕ್ಕೆ ಸಲ್ಲದೆಂದು ತಡೆದರು. ಪಿಯೋರಿಯಾದ ಮೋಯರ್ ಸರ್ಕಾರಿ ನೌಕರರಾದ್ದರಿಂದ ಸ್ವದೇಶದಲ್ಲಿ ತಮ್ಮ ವಿಧಾನದ ಲಾಭ ಪಡೆಯುವಂತಿರಲಿಲ್ಲ. ಅವರು ಬ್ರಿಟನ್ನಿನಲ್ಲಿ ಅದಕ್ಕೆ ಹಕ್ಕುಪತ್ರ ಪಡೆದರು. ತಮ್ಮ ನೆಲದಲ್ಲಿ ಹುಟ್ಟಿದ ಔಷಧದ ತಯಾರಿಕೆಗೆ ತಾವೇ ಹಣ ತೆರಬೇಕಾಯಿತೆಂಬ ಕಹಿ ಬ್ರಿಟನ್ನಿನಲ್ಲಿ ಬಹುಕಾಲ ಉಳಿಯಿತು. 1945ರ ನೊಬೆಲ್ ಪ್ರಶಸ್ತಿ ಫ್ಲೆಮಿಂಗ್, ಫ್ಲೋರಿ, ಚೈನ್ ಮೂವರಿಗೆ ಸಂದಿತು. ಪಾತ್ರೆಗಳನ್ನು ರೂಪಿಸಿ, ಔಷಧವನ್ನು ಬೇರ್ಪಡಿಸುವ ದಾರಿ ಕಂಡುಕೊಂಡ ಹೀಟ್ಲಿ ಅವರಿಗೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಗೌರವ ವೈದ್ಯಕೀಯ ಡಾಕ್ಟರೇಟ್ ಕೊಟ್ಟದ್ದು 1990ರಲ್ಲಿ.

ಈಗ ಹೆಸರಿನ ವಿಚಾರ. 1977ರಲ್ಲಿ ತಜ್ಞರು ಈ ಗುಂಪಿನ ಬೂಷ್ಟುಗಳನ್ನು ಮರಳಿ ಪರಿಶೀಲಿಸಿ, ನೊಟೇಟಮ್ ಎಂಬುದು ಪ್ರತ್ಯೇಕ ಪ್ರಭೇದವಲ್ಲ, ಕ್ರೈಸೋಜೀನಮ್ಮಿನಲ್ಲಿಯೇ ಅಡಕವಾಗುತ್ತದೆ ಎಂದರು. 2011ರಲ್ಲಿ ಹೌಬ್ರಾಕೆನ್, ಫ್ರಿಸ್ವಾಡ್, ಸ್ಯಾಮ್ಸನ್ ಎಂಬ ಮೂವರು ವಿಜ್ಞಾನಿಗಳು ಡಿಎನ್‌ಎ ಮತ್ತು ಬೂಷ್ಟು ಸ್ರವಿಸುವ ರಾಸಾಯನಿಕಗಳನ್ನು ಹೋಲಿಸಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಫ್ಲೆಮಿಂಗರ ಬೂಷ್ಟು ಕ್ರೈಸೋಜೀನಮ್ಮೂ ಅಲ್ಲ. ಅದು 1923ರಲ್ಲಿ ಬಿಯೂರ್ಜ್ ವರ್ಣಿಸಿ, ಬಳಿಕ ಬಹುತೇಕ ಮರೆತುಹೋಗಿದ್ದ ಪೆನಿಸಿಲಿಯಂ ರೂಬೆನ್ಸ್. ಕರಬೂಜದಿಂದ ಬೆಳೆದು ಬಂದ ವಿಸ್ಕಾನ್ಸಿನ್ ತಳಿಯೂ ಅದೇ ರೂಬೆನ್ಸ್. ಎಂದರೆ, ದಶಕಗಳ ಕಾಲ ಎರಡು ಹೆಸರಿನಲ್ಲಿ ಬಾಳಿದ ಬೂಷ್ಟುಗಳು ಕೊನೆಗೆ ಒಂದೇ ಪ್ರಭೇದದವಾದವು; ಅದೂ ಇಬ್ಬರದೂ ಅಲ್ಲದ ಮೂರನೆಯ ಹೆಸರಿನಲ್ಲಿ. ಕಡತಗಳ ನಡುವೆ ಬದುಕುವ ನಮ್ಮಂಥವರಿಗೆ ಈ ಬಗೆಯ ಪರಿಷ್ಕೃತ ಆದೇಶ ಹೊಸತಲ್ಲ. ಹಳೆಯ ಶೀರ್ಷಿಕೆ ಅಳಿಯುತ್ತದೆ, ಒಳಗಿನ ಕಾಗದಗಳು ಹಾಗೆಯೇ ಇರುತ್ತವೆ.

ಹಾಗಾದರೆ ಒಂದೇ ಪ್ರಭೇದದ ಎರಡು ಬೂಷ್ಟುಗಳಲ್ಲಿ ಒಂದು ಪೇದೆಯೊಬ್ಬರನ್ನೂ ಉಳಿಸಲಾರದೆ ಹೋದದ್ದೇಕೆ, ಇನ್ನೊಂದು ಸೈನ್ಯಕ್ಕೇ ಸಾಲುವಷ್ಟು ಕೊಟ್ಟದ್ದೇಕೆ? ಹುಟ್ಟಿನಲ್ಲಿಯೇ ಸ್ವಲ್ಪ ಅಂತರ ಇದ್ದದ್ದು ನಿಜ. ಕರಬೂಜದ ತಳಿ ಮುಳುಗಿ ಬೆಳೆಯಬಲ್ಲದಾಗಿತ್ತು. 2020ರಲ್ಲಿ ಬ್ರಿಟನ್ನಿನ ಸಂಶೋಧಕರು ದಶಕಗಳಿಂದ ಶೈತ್ಯದಲ್ಲಿ ಉಳಿದುಬಂದಿದ್ದ ಫ್ಲೆಮಿಂಗರ ಮೂಲ ತಳಿಯ ಜೀನೋಮ್ ಓದಿ ಅಮೆರಿಕದ ತಳಿಗಳೊಡನೆ ಹೋಲಿಸಿದಾಗ ಪೆನಿಸಿಲಿನ್ ಕಟ್ಟುವ ಕಿಣ್ವಗಳ ಜೀನುಗಳಲ್ಲಿ ಭೇದಗಳು ಕಂಡುಬಂದವು. ಆದರೆ ಕಾರ್ಖಾನೆಯ ತಳಿಗಳ ದೊಡ್ಡ ಬಲ ಬೇರೆಯದು. ಪೆನಿಸಿಲಿನ್ನಿಗೆ ಬೇಕಾದ ಜೀನುಗಳ ಗೊಂಚಲು ಅವುಗಳಲ್ಲಿ ಒಂದಲ್ಲ, ಹಲವು ಪ್ರತಿಗಳಲ್ಲಿದೆ. ಅದನ್ನು ಪ್ರಕೃತಿ ಕರಬೂಜದ ಮೇಲೆ ಸಿದ್ಧವಾಗಿ ಇಟ್ಟಿರಲಿಲ್ಲ. ಪಿಯೋರಿಯಾದಿಂದ ಇತ್ತ, ನೂರಾರು ಜನ ತಂತ್ರಜ್ಞರು ತಲೆಮಾರುಗಳ ಕಾಲ ಆರಿಸಿ ಆರಿಸಿ ಬೆಳೆಸಿದ ಗುಣ ಅದು. ಎರಡು ಜಾತಿಗಳ ಅಂತರವೆಂದು ನಾವು ಎಣಿಸಿದ್ದರಲ್ಲಿ ಬಹುಪಾಲು ಎರಡು ಬಗೆಯ ಆರೈಕೆಯ ಅಂತರ.

ಈ ಮಾತಿಗೆ ನಮ್ಮ ದೇಶದಲ್ಲಿಯೇ ಒಂದು ಸಾಕ್ಷಿಯಿದೆ. ಪುಣೆಯ ಓದುಗರು ಹಳೆಯ ಮುಂಬಯಿ ರಸ್ತೆಯಲ್ಲಿ ಪಿಂಪ್ರಿಯನ್ನು ದಾಟುವಾಗ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಸಂಸ್ಥೆಯ ವಿಶಾಲವಾದ ಆವರಣವನ್ನು ಕಂಡಿರುತ್ತಾರೆ. ಪೆನಿಸಿಲಿನ್ ಭಾರತದಲ್ಲಿಯೇ, ಸಾರ್ವಜನಿಕ ರಂಗದಲ್ಲಿಯೇ ತಯಾರಾಗಬೇಕೆಂದು ಮುಂಬಯಿಯ ಹ್ಯಾಫ್‌ಕಿನ್ ಸಂಸ್ಥೆಯ ನಿರ್ದೇಶಕರಾಗಿದ್ದ ಸಾಹಿಬ್ ಸಿಂಗ್ ಸೋಖಿ ಮುಂತಾದವರು ವಾದಿಸಿದ್ದರು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯೂನಿಸೆಫ್‌ನ ನೆರವಿನಿಂದ ಸಂಸ್ಥೆ 1954ರಲ್ಲಿ ಸ್ಥಾಪನೆಗೊಂಡು, 1955ರಲ್ಲಿ ಉತ್ಪಾದನೆ ಆರಂಭಿಸಿತು. ತಂತ್ರಜ್ಞಾನವನ್ನು ಗುಟ್ಟಾಗಿಡದೆ ಹಂಚಿಕೊಳ್ಳಬೇಕೆಂಬುದು ಆ ನೆರವಿನ ಹಿಂದಿನ ಆಶಯ. ಪೆನಿಸಿಲಿನ್ ಮಾಡುವುದನ್ನು ಇಲ್ಲಿನ ತರುಣರು ಆ ತೊಟ್ಟಿಗಳ ಬಳಿ ನಿಂತು ಕಲಿತರು.

ಕಲಿತದ್ದು ಅಷ್ಟಕ್ಕೇ ನಿಲ್ಲಲಿಲ್ಲ. ಪಿಂಪ್ರಿಯ ಸಂಶೋಧನಾ ವಿಭಾಗದ ಮುಖ್ಯಸ್ಥರಾಗಿದ್ದ ಎಂ. ಜೆ. ತಿರುಮಲಾಚಾರ್ ಮೈಸೂರು ಸೀಮೆಯಿಂದ ಹೋದ ಶಿಲೀಂಧ್ರತಜ್ಞರು. ಶಿಲೀಂಧ್ರವು ಬ್ಯಾಕ್ಟೀರಿಯಾವನ್ನು ಕೊಲ್ಲುವ ಔಷಧದ ಕಾರ್ಖಾನೆಯಲ್ಲಿ ಕುಳಿತು ಅವರ ತಂಡ ಕಂಡುಕೊಂಡದ್ದು ಅದರ ಪ್ರತಿಬಿಂಬವನ್ನು: ಮಣ್ಣಿನ ಬ್ಯಾಕ್ಟೀರಿಯಾದಿಂದ ದೊರೆತ, ಶಿಲೀಂಧ್ರದ ಸೋಂಕುಗಳನ್ನು ಅಳಿಸುವ ಹಮೈಸಿನ್. ಅದರ ಹೆಸರಿನಲ್ಲಿ ಸಂಸ್ಥೆಯ ಹೆಸರು ಅಡಗಿದೆ; ಅದನ್ನು ಕೊಟ್ಟ ಜೀವಿಯ ಹೆಸರಾದ ಸ್ಟ್ರೆಪ್ಟೋಮೈಸಿಸ್ ಪಿಂಪ್ರಿನಾ ಎಂಬುದರಲ್ಲಿ ಊರಿನ ಹೆಸರಿದೆ. 1981ರಲ್ಲಿ ಇದೇ ಸಂಸ್ಥೆ ಕರ್ನಾಟಕ ರಾಜ್ಯದ ಪಾಲುದಾರಿಕೆಯಲ್ಲಿ ಕರ್ನಾಟಕ ಆಂಟಿಬಯೋಟಿಕ್ಸ್ ಸಂಸ್ಥೆಯನ್ನು ಸ್ಥಾಪಿಸಿತು. ಅದರ ಕಾರ್ಖಾನೆ ಬೆಂಗಳೂರಿನ ಪೀಣ್ಯದಲ್ಲಿದೆ.

ಮುಂದಿನ ದಶಕಗಳಲ್ಲಿ ಚೀನಾದ ಅಗ್ಗದ ಸರಕಿನ ಎದುರು ಭಾರತದಲ್ಲಿ ಪೆನಿಸಿಲಿನ್-ಜಿ ತಯಾರಿಕೆ ಒಂದೊಂದಾಗಿ ನಿಂತುಹೋಯಿತು. ಗುಳಿಗೆ ಇಲ್ಲಿ ತಯಾರಾಗುತ್ತಿತ್ತು, ಮೂಲದ್ರವ್ಯ ಹಡಗಿನಲ್ಲಿ ಬರುತ್ತಿತ್ತು. ಅಗ್ಗವಾಗಿ ಬರುತ್ತಿರುವಾಗ ಅದು ನಷ್ಟವೆಂದು ಯಾರಿಗೂ ತೋರಲಿಲ್ಲ. 2020ರಲ್ಲಿ ಮಹಾಮಾರಿಯಿಂದ ಸಾಗಣೆ ತತ್ತರಿಸಿದಾಗ ಸರ್ಕಾರ ಮೂಲದ್ರವ್ಯಗಳ ತಯಾರಿಕೆಗೆ ಪ್ರೋತ್ಸಾಹ ಯೋಜನೆ ರೂಪಿಸಿತು. ಪೆನಿಸಿಲಿನ್-ಜಿ ಆ ಪಟ್ಟಿಯಲ್ಲಿತ್ತು. 2024ರಲ್ಲಿ ಆಂಧ್ರದ ಕಾಕಿನಾಡದ ಬಳಿ ಹೊಸ ಕಾರ್ಖಾನೆಯೊಂದು ಕೆಲಸ ಆರಂಭಿಸಿತು. 1955ರಲ್ಲಿ ಕಲಿತದ್ದನ್ನು ಈ ದೇಶ ಮತ್ತೊಮ್ಮೆ ಕಲಿಯಬೇಕಾಯಿತು.

ಬೂಷ್ಟು ಈ ನಡುವೆ ಎಲ್ಲಿಗೂ ಹೋಗಿರಲಿಲ್ಲ. ಪೆನಿಸಿಲಿಯಂ ರೂಬೆನ್ಸ್ ಮನೆಗಳ ಒಳಾಂಗಣದಲ್ಲಿಯೇ ಕಾಣಸಿಗುವ ಸಾಮಾನ್ಯ ಶಿಲೀಂಧ್ರ. ಅದರ ಶುದ್ಧ ತಳಿಗಳು ಜಗತ್ತಿನ ಸಂಗ್ರಹಾಲಯಗಳಲ್ಲಿ ಸುರಕ್ಷಿತವಾಗಿವೆ. ನಮ್ಮಿಂದ ಕಳೆದುಹೋಗಿದ್ದು ಅದನ್ನು ಸಾಕುವ ಕೈಗಳು. ಪ್ರಭೇದಕ್ಕೆ ಒಂದು ಹೆಸರಿಟ್ಟು, ಕಂಡವರಿಗೆ ಒಂದು ಪದಕ ಕೊಟ್ಟು ಮುಗಿಸುವ ಚರಿತ್ರೆಯಲ್ಲಿ ಈ ಕೈಗಳಿಗೆ ಸ್ಥಳವಿರುವುದಿಲ್ಲ. ಆಕ್ಸ್‌ಫರ್ಡಿನ ಪಿಂಗಾಣಿ ಪಾತ್ರೆಗಳನ್ನು ತುಂಬಿದ ಯುವತಿಯರು, ಪಿಯೋರಿಯಾದಲ್ಲಿ ಹಣ್ಣು ಆರಿಸಿದವರು, ಪಿಂಪ್ರಿಯಲ್ಲಿ ರಾತ್ರಿ ಪಾಳಿಯಲ್ಲಿ ತೊಟ್ಟಿಯ ಉಷ್ಣತೆ ಕಾಯ್ದವರು: ಎರಡು ಬೂಷ್ಟುಗಳ ನಡುವಿನ ವ್ಯತ್ಯಾಸವನ್ನು ಉಂಟುಮಾಡಿದವರು ಇವರು. ಅಲ್ಲಿ ಗೆರೆ ಎಳೆದದ್ದು ಪ್ರಕೃತಿಯೆಂದು ನಾವು ನಂಬಿದೆವು.